ಎಲೆಯ ಬೆನ್ನಿನ ಹಳದಿ

ನಿವೃತ್ತಿ ಎಂದರೆ ಅರವತ್ತು ತುಂಬಬೇಕು, ಕೊರಳಿಗೆ ಹಾರ ಬೀಳಬೇಕು, ಕೈಗೊಂದು ಗೋಡೆ ಗಡಿಯಾರ ಬರಬೇಕು ಎಂದು ನಂಬಿದವರಿದ್ದಾರೆ. ನಾನು ಮೂವತ್ತೇಳಕ್ಕೆ ನಿವೃತ್ತಳಾದೆ. ಸರಿಯಾಗಿ ಹೇಳಬೇಕೆಂದರೆ ಕೆಲಸವೇ ನನಗಿಂತ ಮೊದಲು ನಿವೃತ್ತವಾಯಿತು. ಜಮಖಂಡಿಯ ಒಂದು ಸ್ಟುಡಿಯೋದಲ್ಲಿ ಕುಳಿತು ನಾನು ಫೋಟೋಗಳ ಬಣ್ಣ ತಿದ್ದುತ್ತಿದ್ದೆ. ಅದರಲ್ಲೂ ಹೆಚ್ಚಾಗಿ ಗಿಡ, ಎಲೆ, ಬೆಳೆ, ಹಣ್ಣುಗಳ ಫೋಟೋ. ಈಗ ಆ ಕೆಲಸವನ್ನು ಫೋನು ಯಾರೂ ಕೇಳದೆಯೇ ಮಾಡುತ್ತದೆ. ಕೇಳದೆ ಮಾಡುವ ಕೆಲಸಕ್ಕೆ ಸಂಬಳದವಳು ಯಾಕೆ?

ಆದರೂ ಬರೆಯುತ್ತಿದ್ದೇನೆ. ನರ್ಸರಿಗಳಿಗೆ, ಬೀಜದ ಅಂಗಡಿಗಳಿಗೆ, ಫೋಟೋ ನೋಡಿ ರೈತರಿಗೆ ಸಲಹೆ ಕೊಡುವವರಿಗೆ ಚಿತ್ರ ತಿದ್ದಿಕೊಡಲು ಹೊಸ ಹುಡುಗ ಹುಡುಗಿಯರು ಹೊರಟಿದ್ದಾರೆ. ಅವರಿಗೆ ಯಂತ್ರ ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಎಡವುವುದನ್ನು ಕಲಿಸುವವರು ಕಡಿಮೆ. ಆ ಅರ್ಹತೆ ನನಗಿದೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಕುರ್ಚಿಗೆ ಗಾಲಿ ಬಂದದ್ದೇ ನನಗೆ ಸಿಕ್ಕ ಬಡ್ತಿ.

ಮೊದಲು ನನ್ನ ಹಿನ್ನೆಲೆ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಬಾಗಲಕೋಟೆ ಹೊಸದಾಗಿ ಜಿಲ್ಲೆಯಾಗಿತ್ತು, ಆಲಮಟ್ಟಿಯ ನೀರು ಏರುತ್ತಿತ್ತು, ಹಾಗಾಗಿ ಎಲ್ಲ ಕಡೆ ಚರ್ಚೆಗೆ ಒಂದೇ ವಿಷಯ: ಅಣೆಕಟ್ಟು ಬೇಕೋ ಬೇಡವೋ. ಒಂದು ದಿನ ಬೆಳಿಗ್ಗೆ ಬೇಕು ಎಂದು ಮಾತಾಡಿ ಗೆದ್ದೆ. ಮಧ್ಯಾಹ್ನ ಇನ್ನೊಂದು ಕಾಲೇಜಿನಲ್ಲಿ ಬೇಡ ಎಂದು ಮಾತಾಡಿ ಗೆದ್ದೆ. ಎರಡು ಪಾರಿತೋಷಕ ತೊಡೆಯ ಮೇಲಿಟ್ಟುಕೊಂಡು ಬನಹಟ್ಟಿಯ ಬಸ್ಸಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಹಿನ್ನೀರಿಗೆ ಮನೆ ಬಿಟ್ಟುಬಂದ ಹೆಂಗಸೊಬ್ಬಳು ಗಂಟು ಹಿಡಿದು ಕುಳಿತಿದ್ದಳು. ಯಾವುದರಲ್ಲಿ ಗೆದ್ದೆ ಎಂದು ಕೇಳಿದಳು. ವಿಷಯ ಹೇಳಿದೆ. "ಹಂಗಾರ ಕಡೀಕ ಏನಂತ ಆತು, ಬೇಕಂತೋ ಬ್ಯಾಡಂತೋ?" ಎಂದಳು. ಎರಡೂ ಎಂದೆ. ಅವಳು ಪಾರಿತೋಷಕಗಳನ್ನು ಒಮ್ಮೆ ನೋಡಿ, ಗಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಕಳ್ಳರ ಪಕ್ಕ ಕುಳಿತವರು ಹಾಗೆ ಎಳೆದುಕೊಳ್ಳುತ್ತಾರೆ.

ಫೋಟೋ ತಿದ್ದುವ ಕೆಲಸಕ್ಕೆ ಇಂಥ ತರಬೇತಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಯಾವ ಬಣ್ಣದ ಪರವಾಗಿ ಬೇಕಾದರೂ ವಾದಿಸಬಹುದು.

ಬಣ್ಣ ಮಾತ್ರ ನನಗೆ ಮನೆಯಿಂದ ಬಂದದ್ದು. ಅಪ್ಪ ಬನಹಟ್ಟಿಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದರು. ಒದ್ದೆ ನೂಲನ್ನು ಒಳಗಿನ ದೀಪದಲ್ಲಿ ನೋಡಿ ಒಪ್ಪಿಕೊಂಡವರನ್ನು ಅಪ್ಪ ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ನೂಲಿನ ಲಡಿ ಹಿಡಿದು ಬಾಗಿಲಿಗೆ ಬರಬೇಕು, ಹಗಲಿನ ಬೆಳಕಿಗೆ ಹಿಡಿಯಬೇಕು, ಆಮೇಲೆ ಮಾತು. ಸ್ಟುಡಿಯೋ ಸೇರಿದ ಮೇಲೆ ನಾನೂ ಹಾಗೆಯೇ ಮಾಡುತ್ತಿದ್ದೆ. ಪ್ರಿಂಟ್ ಹಿಡಿದು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಎದುರಿನ ಪಾನ್ ಅಂಗಡಿಯವರು ನನಗೆ ಹೊರಗಿನ ಗಾಳಿ ಹೆಚ್ಚು ಬೇಕಾಗುತ್ತದೆ ಎಂದು ಬಹಳ ದಿನ ತಿಳಿದುಕೊಂಡಿದ್ದರು.

ಸ್ಟುಡಿಯೋದ ಮಾಲಕರು ಗುರುಸಿದ್ದಪ್ಪ. ಒಳ್ಳೆಯವರು, ದೈವಭಕ್ತರು. ಬಣ್ಣದ ವಿಷಯದಲ್ಲಿ ಮಾತ್ರ ನಾಸ್ತಿಕರು. ಕಣ್ಣಿಗೆ ಕಂಡದ್ದನ್ನು ನಂಬುತ್ತಿರಲಿಲ್ಲ. ಮದುವೆಯ ಫೋಟೋದಲ್ಲಿ ಮುಖ ಬೆಳ್ಳಗಾಗಬೇಕು, ಹೊಲದ ಫೋಟೋದಲ್ಲಿ ಎಲೆ ಗಿಳಿಯ ಬಣ್ಣಕ್ಕೆ ಬರಬೇಕು. ಇವೆರಡೇ ಅವರ ಸಿದ್ಧಾಂತ. ರೀಲಿನ ಕಾಲದಲ್ಲಿ ಪ್ರಿಂಟಿಂಗ್ ಮಶೀನಿನ ಗುಂಡಿ ಒತ್ತಿ ಒತ್ತಿ ಅದನ್ನು ಸಾಧಿಸಿದ್ದರು. ಕಂಪ್ಯೂಟರ್ ಬಂದ ಮೇಲೆ ನನ್ನನ್ನು ಕೂರಿಸಿದರು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಬಂದು ಕಂಪ್ಯೂಟರಿನ ಪರದೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ವಿಭೂತಿಯ ಗಟ್ಟಿ ಕೀಬೋರ್ಡಿನ ಪಕ್ಕದಲ್ಲೇ ಇರುತ್ತಿತ್ತು. ನಾನು ದಿನಾ ಒರೆಸುತ್ತಿದ್ದೆ. ಬೂದಿಯ ಹಿಂದೆ ಕುಳಿತು ಬಣ್ಣ ನೋಡಲಾಗದು ಎಂದು ವಾದಿಸಿದರೆ, ಬೂದಿಯಿಲ್ಲದೆ ಈ ಡಬ್ಬಿ ಎಷ್ಟು ದಿನ ನಡೆಯುತ್ತದೆಂದು ನೋಡೋಣ ಎನ್ನುತ್ತಿದ್ದರು. ಒಮ್ಮೆ ಹಾಗೆ ಅಂದ ವಾರವೇ ಅದು ಕೆಟ್ಟಿತು. ಆ ಚರ್ಚೆಯಲ್ಲಿ ನಾನು ಸೋತೆನೆಂದು ಒಪ್ಪುವುದಿಲ್ಲ. ಆದರೆ ತೀರ್ಪು ಅವರ ಕಡೆ ಹೋಯಿತು.

ಒಂದು ದಾಳಿಂಬೆ ನರ್ಸರಿಯ ಕೆಲಸ ನೆನಪಾಗುತ್ತದೆ. ಬೋರ್ಡಿಗೆ ಹಾಕಲು ಹಣ್ಣಿನ ಫೋಟೋ ಕೊಟ್ಟು, ಇನ್ನೂ ಕೆಂಪು ಬರಲಿ ಎಂದರು. ಗುರುಸಿದ್ದಪ್ಪನವರು ನನ್ನ ಹಿಂದೆ ನಿಂತು, ಇನ್ನೂ, ಇನ್ನೂ ಎಂದು ಮಾಡಿಸಿದರು. ಬೋರ್ಡು ಮುಧೋಳ ರಸ್ತೆಯಲ್ಲಿ ನಿಂತ ಮೂರನೆಯ ದಿನ ಒಬ್ಬರು ಬಂದು ಟೊಮೇಟೊ ಸಸಿ ಯಾವಾಗ ಸಿಗುತ್ತದೆ ಎಂದು ಕೇಳಿದರಂತೆ. ನರ್ಸರಿಯವರು ಬೋರ್ಡು ಬದಲಿಸಲಿಲ್ಲ. ಟೊಮೇಟೊ ಸಸಿಯನ್ನೂ ಮಾರಲು ತೊಡಗಿದರು.

ಇಂಥವರ ನಡುವೆ ನಾನು ಸಹಜ ಬಣ್ಣದ ಪಕ್ಷ. ಹೊಸಬರು ಇದಿಷ್ಟನ್ನು ಬರೆದಿಟ್ಟುಕೊಳ್ಳಿ. ಕಪ್ಪು ಮಣ್ಣು ಪರದೆಯ ಮೇಲೆ ನೀಲಿಯಾಗಿ ಕಂಡರೆ ಎಲೆಯನ್ನು ಮುಟ್ಟುವ ಮೊದಲು ಮಣ್ಣನ್ನು ಸರಿಮಾಡಿ. ಬಣ್ಣವನ್ನು ಒಟ್ಟಾಗಿ ಹೆಚ್ಚಿಸುವ ಗುಂಡಿಯನ್ನು ಮರೆತೇಬಿಡಿ. ಇನ್ನೊಂದು: ಎಲೆಯ ಹಸಿರು ತಿದ್ದಬೇಕಾದರೆ ಹಸಿರಿನ ಗುಂಡಿಗೆ ಕೈ ಹಾಕಿ ಪ್ರಯೋಜನವಿಲ್ಲ. ಫೋಟೋದಲ್ಲಿ ಎಲೆಯ ಹಸಿರು ಬಹುಪಾಲು ಹಳದಿಯ ಗುಂಡಿಯ ಕೆಳಗೆ ಇರುತ್ತದೆ. ಹಳದಿಯನ್ನು ಸ್ವಲ್ಪ ಸರಿಸಿದರೆ ಇಡೀ ಹೊಲ ಬದಲಾಗುತ್ತದೆ. ಈ ಗುಟ್ಟು ತಿಳಿದ ದಿನ ನನಗೆ ಬಹಳ ಹೆಮ್ಮೆಯಾಗಿತ್ತು. ಅದೇ ಗುಟ್ಟು ನನ್ನ ಕಾಲು ಹಿಡಿದೆಳೆಯಿತು.

ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ಆಫೀಸಿನಿಂದ ನಮಗೆ ಕೆಲಸ ಬರುತ್ತಿತ್ತು. ರೋಗವಿಲ್ಲದ ಹೊಲಗಳನ್ನು ಆರಿಸಿ, ಅಲ್ಲಿಯ ಕಬ್ಬನ್ನು ಬೀಜಕ್ಕೆಂದು ಬೇರೆ ರೈತರಿಗೆ ಕೊಡುವ ಪದ್ಧತಿ ಅಲ್ಲಿತ್ತು. ಬೀಜದ ಕಬ್ಬಿನಲ್ಲಿ ರೋಗವಿದ್ದರೆ ಅದನ್ನು ನೆಟ್ಟ ಪ್ರತಿ ಹೊಲಕ್ಕೂ ಹೋಗುತ್ತದೆ. ಅದಕ್ಕೇ ಹೊಲ ನೋಡಿ ಒಪ್ಪಿಗೆ ಕೊಡಬೇಕು. ಹೊಲ ನೋಡಲು ಹೋಗುವವರು ಬಿಸಿಲಿಗೆ ಬೇಸತ್ತೋ ಏನೋ, ಆಫೀಸಿನಲ್ಲಿ ಹೊಸ ಪದ್ಧತಿ ಬಂತು: ನಾಲ್ಕು ಫೋಟೋ ಫೈಲಿಗೆ ಹಾಕಿದರೆ ಸಾಕು. ಒಂದು ಇಡೀ ಹೊಲದ್ದು, ಒಂದು ಕಬ್ಬಿನ ಬುಡದ ಗಡ್ಡೆಯದ್ದು, ಒಂದು ಎಲೆಯ ಮುಂಭಾಗದ್ದು, ಒಂದು ಎಲೆಯ ಬೆನ್ನಿನದ್ದು. ಫೀಲ್ಡ್‌ಮನ್ ಹೋಗಿ ತೆಗೆದುಕೊಂಡು ಬರುತ್ತಿದ್ದರು, ನಾವು ತಿದ್ದಿ ಪ್ರಿಂಟ್ ಹಾಕುತ್ತಿದ್ದೆವು, ಆಫೀಸಿನ ಕಬ್ಬಿನ ಸಾಹೇಬರು ಫ್ಯಾನಿನ ಕೆಳಗೆ ಕುಳಿತು ಕಬ್ಬಿನ ಆರೋಗ್ಯ ನೋಡುತ್ತಿದ್ದರು.

ಹಾಗೆ ಬಂದ ಫೈಲುಗಳಲ್ಲಿ ಒಂದು ಮಾಳಪ್ಪನವರದ್ದು. ಮುಧೋಳ ತಾಲೂಕಿನವರು. ಒಂದು ಕಾಲಕ್ಕೆ ಕುರಿ ಕಾಯುತ್ತಿದ್ದ ಮನೆತನ, ಕಾಲುವೆ ಬಂದ ಮೇಲೆ ಕಬ್ಬಿಗೆ ಇಳಿದವರು, ಬೀರಪ್ಪನ ಒಕ್ಕಲು. ಅವರ ಹೊಲ ಬೀಜಕ್ಕೆ ಆಯ್ಕೆಯಾದದ್ದು ಅದೇ ಮೊದಲು. ಫೋಟೋ ತೆಗೆಯುವ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಕಬ್ಬಿನ ಮೇಲೆ ಭಂಡಾರ ತೂರಿದ್ದರು. ಭಂಡಾರ ಎಂದರೆ ಬೀರಪ್ಪನ ಅರಿಶಿನದ ಪುಡಿ. ತೂರುವಾಗ ಲೆಕ್ಕ ಹಿಡಿಯುವುದಿಲ್ಲ. ಫೀಲ್ಡ್‌ಮನ್ ಆ ಹಳದಿಯ ಮೋಡ ಇಳಿಯುತ್ತಿರುವಾಗಲೇ ಫೋಟೋ ಹೊಡೆದು ಬಂದಿದ್ದರು.

ಮಾಳಪ್ಪನವರು ಫೀಲ್ಡ್‌ಮನ್ ಜೊತೆ ಸ್ಟುಡಿಯೋಕ್ಕೂ ಬಂದಿದ್ದರು. ನೀರು ಕೊಟ್ಟೆ. ಕೇಳದೆಯೇ ಎಲ್ಲ ಹೇಳಿದರು. ಮಗಳು ನಿಂಗವ್ವನನ್ನು ಕೃಷ್ಣಾ ದಂಡೆಯ ಗಲಗಲಿಗೆ ಕೊಟ್ಟಿದ್ದಾರೆ; ಅವರೂ ಬೀರಪ್ಪನ ಒಕ್ಕಲೇ, ಆದರೆ ಹಿಂದಿನಿಂದಲೂ ಕಬ್ಬಿನವರು. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಬೀಗತಿ ಬಾಯಿ ಬಿಗಿಯಿಲ್ಲದ ಹೆಂಗಸು; ಕುರಿ ಕಾಯುವವರ ಮನೆಯವಳಿಗೆ ಕಬ್ಬು ಏನು ಗೊತ್ತು ಎಂದು ಮಗಳಿಗೆ ದಿನಾ ಒಂದು ಮಾತು. ಈಗ ಬೀಜದ ಮೊದಲ ಗಾಡಿ ಗಲಗಲಿಗೇ ಹೋಗುವುದು ಎಂದು ಗೊತ್ತಾಗಿದೆ.

"ಗಾಡಿ ಹೋಗಿ ಅಂಗಳದಾಗ ನಿಂತಿತು ಅಂದ್ರ, ಆಕಿ ಮಾತು ಬಂದ್ ಆಗ್ತಾವ ನೋಡ ಯವ್ವಾ. ನಮ್ಮ ನಿಂಗಿ ತಲಿ ಎತ್ತಿ ಅಡ್ಡಾಡ್ತಾಳ" ಎಂದರು.

ಅವರು ಹೋದ ಮೇಲೆ ಪರದೆಯ ಮುಂದೆ ನನಗೂ ಗುರುಸಿದ್ದಪ್ಪನವರಿಗೂ ಎಂದಿನ ಚರ್ಚೆ. ಅವರದು ಗಿಳಿಹಸಿರು. ನಾನು ಹಸಿರು ಹೆಚ್ಚಿಸುವುದಿಲ್ಲ ಎಂದೆ. ಹಾಗಾದರೆ ಈ ಹಳದಿ ಧೂಳಿನ ಗತಿ ಏನು ಎಂದರು. ಅದನ್ನು ತೆಗೆಯುತ್ತೇನೆ ಎಂದೆ. ದೇವರ ಭಂಡಾರ ತೆಗೆಯಬಾರದು ಎಂದು ಅವರು ಒಂದು ಮಾತು ಆಡಿದರು. ನನಗೆ ಅಷ್ಟೇ ಸಾಕಿತ್ತು. ಎದ್ದು ನಿಂತು ಮಂಡಿಸಿದೆ: ಸಹಜ ಬಣ್ಣ ಎಂದರೆ ಎಲೆಗೆ ಎಲೆಯಿಂದಲೇ ಬಂದ ಬಣ್ಣ. ಭಂಡಾರ ಎಲೆಯಿಂದ ಬಂದದ್ದಲ್ಲ, ಕೈಯಿಂದ ಬಂದದ್ದು. ಆದ್ದರಿಂದ ಭಂಡಾರ ತೆಗೆದರೆ ಉಳಿಯುವುದೇ ಸಹಜ ಬಣ್ಣ. ಗುರುಸಿದ್ದಪ್ಪನವರು ವಾದ ಅರ್ಥವಾದವರಂತೆ ತಲೆಯಾಡಿಸಿ ಚಹಾಕ್ಕೆ ಹೋದರು.

ಎಲೆಯ ಮುಂಭಾಗದ ಫೋಟೋ ತೆರೆದು ಹಳದಿಯ ಗುಂಡಿಯನ್ನು ಎಳೆದೆ. ಭಂಡಾರ ಹೋಯಿತು, ಎಲೆ ಉಳಿಯಿತು. ಎಷ್ಟು ಚೆನ್ನಾಗಿ ಬಂತೆಂದರೆ ಪ್ರಿಂಟ್ ಹಿಡಿದು ಬಾಗಿಲಿಗೂ ಹೋಗಿ ಬಂದೆ. ಆಮೇಲೆ, ಒಂದು ಫೋಟೋಕ್ಕೆ ಮಾಡಿದ ತಿದ್ದುಪಡಿಯನ್ನು ಉಳಿದವಕ್ಕೂ ಒಮ್ಮೆಗೇ ಹಚ್ಚುವ ಸೌಲಭ್ಯವಿದೆಯಲ್ಲ, ಅದನ್ನು ಒತ್ತಿದೆ. ನಾಲ್ಕನೆಯ ಫೋಟೋವನ್ನು ತೆರೆದೂ ನೋಡಲಿಲ್ಲ. ಸಂಜೆಗೆ ಫೈಲು ಆಫೀಸಿಗೆ ಹೋಯಿತು. ಮೂರೇ ದಿನದಲ್ಲಿ ಒಪ್ಪಿಗೆ ಬಂತು. ಅಷ್ಟು ಸಹಜವಾದ ಹಸಿರನ್ನು ಈ ಆಫೀಸಿನಲ್ಲಿ ಈವರೆಗೆ ನೋಡಿರಲಿಲ್ಲ ಎಂದು ಸಾಹೇಬರು ಹೇಳಿದರಂತೆ. ಆ ಮಾತನ್ನು ನಾನು ಅಪ್ಪನಿಗೂ ಹೇಳಿ ಬೀಗಿದ್ದೆ.

ಎಂಟು ದಿನದ ಮೇಲೆ ಮಾಳಪ್ಪನವರು ಮತ್ತೆ ಬಂದರು, ಈ ಸಲ ಒಬ್ಬರೇ. ಸೋಮವಾರ ಕಟಾವು, ಗಲಗಲಿಯ ಟ್ರ್ಯಾಕ್ಟರ್ ಬರುತ್ತದೆ. ಅದರ ಜೊತೆ ಬೀಗರ ಮನೆಯ ಗೋಡೆಗೆ ಹಾಕಲು ತಮ್ಮ ಕಬ್ಬಿನ ಒಂದು ದೊಡ್ಡ ಫೋಟೋ ಫ್ರೇಮು ಹಾಕಿಸಿ ಕಳಿಸಬೇಕೆಂದು ಆಸೆ. ಯಾವುದು ಬೇಕೋ ಆರಿಸಿಕೊಳ್ಳಿ ಎಂದು ನಾಲ್ಕೂ ಪ್ರಿಂಟನ್ನು ಅವರ ಮುಂದೆ ಹರವಿದೆ. ಒಂದೊಂದಾಗಿ ಎತ್ತಿ ನೋಡಿದರು.

"ಭಂಡಾರ ಎಲ್ಲಿ ಹೋತು ಯವ್ವಾ?"

"ತಗದೇನ್ರಿ ಕಾಕಾ. ಅದು ಎಲಿ ಬಣ್ಣ ಅಲ್ಲಲ್ರಿ."

"ಹೌದ್ ಬಿಡು. ಅದನ್ನ ತೂರಿದಾಂವ ನಾನ" ಎಂದು ನಾಲ್ಕನೆಯದನ್ನು ಎತ್ತಿಕೊಂಡರು. ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು. "ಇದು ಎಲಿ ಬೆನ್ನಲ್ಲೇನು? ಇದರಾಗಿಂದೂ ತಗದಿಯೇನು?"

"ಹೂನ್ರಿ. ನಾಲ್ಕರಾಗಿಂದೂ ತಗದೇನಿ."

ಅವರು ಫೋಟೋವನ್ನು ಮೇಜಿನ ಮೇಲೆ ಇಟ್ಟರು.

"ನಾ ಮ್ಯಾಲಿಂದ ತೂರಿದ್ದೆ. ಬೆನ್ನಿಗೆ ಯಾರ ತೂರಿದ್ರು?"

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಪ್ರಶ್ನೆ ಹಾಕಿದರೆ ಉತ್ತರವಿಲ್ಲದಿದ್ದರೂ ಮಾತು ನಿಲ್ಲಿಸಬಾರದು ಎಂದು ನಮಗೆ ಕಲಿಸಿದ್ದರು. ಗಾಳಿಗೆ ಹಾರಿರಬಹುದು, ಎಲೆ ಮಗುಚಿರಬಹುದು, ಹಿಡಿದವರ ಕೈಯಲ್ಲಿ ಭಂಡಾರ ಇದ್ದಿರಬಹುದು ಎಂದು ಮೂರು ಕಾರಣ ನಾಲಿಗೆಯ ತುದಿಗೆ ಬಂದವು. ಮೂರೂ ಗೆಲ್ಲುವಂಥವೇ. ಆ ಮನುಷ್ಯನ ಮುಖ ನೋಡಿ ನುಂಗಿದೆ. ಮೂಲ ಫೋಟೋ ತೆರೆದೆ. ಎಲೆಯ ಬೆನ್ನಿನಲ್ಲಿ, ನಡುವಿನ ನರದ ಉದ್ದಕ್ಕೂ, ಗೆರೆ ಹೊಡೆದಂತೆ ಹಳದಿ. ಧೂಳು ಹಾಗೆ ಗೆರೆ ಹಿಡಿದು ಕೂರುವುದಿಲ್ಲ, ರೋಗ ಕೂರುತ್ತದೆ. ಹಳದಿ ನರದಿಂದ ಶುರುವಾಗಿ ಎರಡೂ ಕಡೆ ಹಸಿರಿಗೆ ಇಳಿಯುತ್ತಿತ್ತು.

ಮಾಳಪ್ಪನವರು ಪರದೆಗೆ ಬಾಗಿ ನೋಡಿದರು.

"ಹೊಲದಾಗ ನಾನೂ ನೋಡಿದ್ದೆ ಯವ್ವಾ," ಎಂದರು ಮೆಲ್ಲಗೆ. "ಭಂಡಾರ ಅಂದ್ಕೊಂಡೆ."

ಅವರು ದೇವರನ್ನು ನಂಬಿದ್ದಕ್ಕೆ ತಿರುಗಿ ನೋಡಲಿಲ್ಲ, ನಾನು ನಂಬದ್ದಕ್ಕೆ ತೆರೆದು ನೋಡಲಿಲ್ಲ. ಇಬ್ಬರಿಗೂ ಹಳದಿಯ ಕಾರಣ ಮೊದಲೇ ಗೊತ್ತಿತ್ತು. ಕಾರಣ ಗೊತ್ತಿದ್ದವರು ಬಾಗಿಲಿಗೆ ಹೋಗುವ ಕಷ್ಟ ತೆಗೆದುಕೊಳ್ಳುವುದಿಲ್ಲ.

ಮರುದಿನ ಬೆಳಿಗ್ಗೆ ನಾನು ಅವರ ಹೊಲಕ್ಕೆ ಹೋದೆ. ಅಷ್ಟು ವರ್ಷ ಕಬ್ಬಿನ ಫೋಟೋ ತಿದ್ದಿದವಳು ಕಬ್ಬಿನ ಹೊಲದೊಳಗೆ ಕಾಲಿಟ್ಟದ್ದು ಅದೇ ಮೊದಲು. ಇದನ್ನು ಹೊಸಬರು ಎರಡು ಸಲ ಓದಬೇಕು. ಸ್ಟುಡಿಯೋದ ಕ್ಯಾಮೆರಾ, ಅಪ್ಪನ ಬಣ್ಣದ ಮನೆಯಿಂದ ತಂದ ಎರಡು ತುಂಡು ಬಿಳಿ ಬಟ್ಟೆ, ಗುರುಸಿದ್ದಪ್ಪನವರ ವಿಭೂತಿಗಟ್ಟಿ, ಇಷ್ಟು ನನ್ನ ಚೀಲದಲ್ಲಿ. ವಿಭೂತಿ ಯಾಕೆಂದರೆ, ಆ ಗಟ್ಟಿ ಕೆಂಪಿಗೂ ವಾಲುವುದಿಲ್ಲ, ಹಳದಿಗೂ ವಾಲುವುದಿಲ್ಲ. ಎಲೆಯ ಪಕ್ಕ ಅದನ್ನಿಟ್ಟು ಫೋಟೋ ತೆಗೆದರೆ, ಪರದೆಯ ಮೇಲೆ ವಿಭೂತಿ ವಿಭೂತಿಯ ಹಾಗೇ ಕಂಡಾಗ ಎಲೆಯ ಬಣ್ಣವೂ ಖರೆ ಎಂದು ತಿಳಿಯಬಹುದು. ದಿನಾ ಒರೆಸಿ ಎಸೆದ ವಸ್ತುವಿನಿಂದ ನಾನು ಸಾಕ್ಷಿ ಹೇಳಿಸಲು ಹೊರಟಿದ್ದೆ. ಗುರುಸಿದ್ದಪ್ಪನವರು ಗಟ್ಟಿಯನ್ನು ಕೈಗೆ ಕೊಡುವಾಗ ಸುಮ್ಮನೆ ನಕ್ಕರು. ಅದು ಬೈಗುಳಕ್ಕಿಂತ ಕೆಟ್ಟದ್ದು.

ಹೊಲದಲ್ಲಿ ಒಂದು ಬಟ್ಟೆಯನ್ನು ನೀರಿನಲ್ಲಿ ಅದ್ದಿ ಎಲೆಯ ಮುಂಭಾಗ ಒರೆಸಿದೆ. ಬಟ್ಟೆ ಹಳದಿಯಾಯಿತು, ಎಲೆ ಹಸಿರಾಯಿತು. ಎರಡನೆಯ ಬಟ್ಟೆಯಿಂದ ಎಲೆಯ ಬೆನ್ನು ಒರೆಸಿದೆ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಹಳದಿಯೂ ಇದ್ದಲ್ಲೇ ಉಳಿಯಿತು. ಮಾಳಪ್ಪನವರು ನನ್ನ ಕೈಯಿಂದ ಬಟ್ಟೆ ಇಸಿದುಕೊಂಡು ಇನ್ನೊಂದು ಎಲೆ ಒರೆಸಿದರು. ಮತ್ತೊಂದು ಸಾಲಿಗೆ ಹೋಗಿ ಅಲ್ಲಿ ಒರೆಸಿದರು. ಕೊನೆಗೆ ಬದುವಿಗೆ ಬಂದು ಕುಳಿತರು. ಬಟ್ಟೆ ಬಿಳಿಯಾಗಿ ಉಳಿದದ್ದಕ್ಕೆ ಮನುಷ್ಯ ಅಷ್ಟು ಸಂಕಟಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ರೋಗ ಗಡ್ಡೆಗಡ್ಡೆಗೆ ಅಲ್ಲ, ಅಲ್ಲಲ್ಲಿ ಇತ್ತು. ಆದರೆ ಬೀಜ ಆರಿಸಿ ಕತ್ತರಿಸುವವರಿಗೆ ಅಲ್ಲಲ್ಲಿ ಎಂಬ ಮಾತಿಲ್ಲ.

ಇಬ್ಬರೂ ಕಬ್ಬಿನ ಆಫೀಸಿಗೆ ಹೋದೆವು. ವಿಭೂತಿ ಇಟ್ಟು ತೆಗೆದ ಫೋಟೋವನ್ನು ಸಾಹೇಬರ ಮುಂದೆ ಇಟ್ಟೆ. ಅವರು ಫೈಲು ತರಿಸಿ ನನ್ನ ಹಳೆಯ ಹಸಿರು ಎಲೆಯನ್ನು ಅದರ ಪಕ್ಕಕ್ಕೆ ಇಟ್ಟುಕೊಂಡರು.

"ಎರಡೂ ನಿಮ್ಮ ಸ್ಟುಡಿಯೋದ್ದ. ಇದರಾಗ ಯಾವುದು ಖರೆ?"

"ಹೊಸಾದು ಖರೆ ಅದರಿ. ಹಳೇದರಾಗ ನಾ ಹಳದಿ ತಗದಿದ್ದೆ."

"ಹಳೇದರ ಮ್ಯಾಲೆ ನಂದು ಸಹಿ ಆಗೇತಿ. ಸಹಿ ಆದ ಮ್ಯಾಲೆ ಎಲಿ ಹಸರ ಇರ್ತೈತಿ ಬಾಯಾರ."

ಒಮ್ಮೆ ಹೊಲಕ್ಕೆ ಬಂದು ನೋಡಿ ಎಂದು ಕೇಳಿಕೊಂಡೆ. ಹೊಲ ನೋಡುವುದು ಬೇಡ ಎಂದೇ ಫೋಟೋ ಪದ್ಧತಿ ತಂದದ್ದು, ಈಗ ಫೋಟೋ ನೋಡಿದ ಮೇಲೆ ಮತ್ತೆ ಹೊಲ ನೋಡುವುದಾದರೆ ಪದ್ಧತಿಗೆ ಏನು ಬೆಲೆ ಎಂದು ಅವರು ತಿಳಿಸಿ ಹೇಳಿದರು. ವಾದ ಎಷ್ಟು ಬಿಗಿಯಾಗಿತ್ತೆಂದರೆ ನಾನು ತೀರ್ಪುಗಾರಳಾಗಿದ್ದರೆ ಅಂಕ ಕೊಡುತ್ತಿದ್ದೆ. ಒಪ್ಪಿಗೆಯಾದ ಬೀಜ ಕಟಾವಾಗಲೇಬೇಕು, ಪಟ್ಟಿಯಲ್ಲಿ ಇರುವ ರೈತರಿಗೆ ಹೋಗಲೇಬೇಕು. ಇಲ್ಲವಾದರೆ ಒಪ್ಪಿಗೆ ಕೊಟ್ಟದ್ದೇ ತಪ್ಪು ಎಂದಾಗುತ್ತದೆ. ಹಾಗಾಗಲು ಬಿಡುವಂತಿಲ್ಲ.

ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಮಾಳಪ್ಪನವರು ಮುಂದೆ ಬಂದರು.

"ಸಾಹೇಬ್ರ, ಸಹಿ ನಿಮ್ಮದು. ಹೊಲಾ ನಂದು. ಗಲಗಲ್ಯಾಗ ಕೊಟ್ಟ ಮಗಳೂ ನನ್ನಾಕಿ. ಈ ಕಬ್ಬ ಆ ಹೊಲಕ್ಕ ಹೋತಂದ್ರ, ಕುರಿಯಾಂವ ರೋಗ ಕಳಿಸಿದಾ ಅಂತ ಅಕಿ ಸಾಯೂತನಕ ಅನ್ನಿಸ್ಕೋತಾಳ. ಕಾರ್ಖಾನಿಗೆ ಹಾಕ್ರಿ, ನುರಿಸ್ರಿ. ಬೀಜಕ್ಕ ಮಾತ್ರ ಕೊಡೂದಿಲ್ಲ."

 ಸಾಹೇಬರು ಒಂದು ದಾರಿ ಹುಡುಕಿದರು. ತಪ್ಪು ಆಫೀಸಿನದ್ದು ಆಗಬಾರದು ಅಷ್ಟೇ. ಮೊದಲ ಫೋಟೋದ ಬಣ್ಣವನ್ನು ನಾನೇ ಬದಲಿಸಿದ್ದು ಎಂದು ನಾನು ಬರೆದುಕೊಟ್ಟು, ಅದಕ್ಕೆ ಸ್ಟುಡಿಯೋದ ಶಿಕ್ಕೆ, ಎಂದರೆ ಮೊಹರು, ಬಿದ್ದರೆ, ಒಪ್ಪಿಗೆ ರದ್ದು ಮಾಡಬಹುದು.

ಕಾಗದವನ್ನು ಅಲ್ಲೇ ಕುಳಿತು ಬರೆದೆ. ಜೀವನದಲ್ಲಿ ಅಷ್ಟು ಚಿಕ್ಕ ಭಾಷಣ ನಾನು ಬರೆದದ್ದಿಲ್ಲ. ಹಳದಿ ಭಂಡಾರದ್ದು ಎಂದು ತಿಳಿದು ತೆಗೆದೆ. ಅದು ಎಲೆಯದ್ದೇ ಆಗಿತ್ತು. ನಾಲ್ಕನೆಯ ಫೋಟೋ ನಾನು ನೋಡಿರಲಿಲ್ಲ. ಮೂರೇ ಮಾತು. ಶಿಕ್ಕೆಗಾಗಿ ಜಮಖಂಡಿಗೆ ಹೋದೆ. ಗುರುಸಿದ್ದಪ್ಪನವರು ಕಾಗದವನ್ನು ಎರಡು ಸಲ ಓದಿದರು.

"ಶೈಲಾ, ಇದು ಒಳಗ ಹೋತಂದ್ರ ಕಬ್ಬಿನ ಆಫೀಸಿನ ಕೆಲಸ ಹೋತು."

ಗೊತ್ತು ಎಂದೆ.

"ಗಿಳಿಹಸರ ಮಾಡಬೇ ಅಂದ್ರ ಅವತ್ತ ಕೇಳಲಿಲ್ಲ ನೀ. ನಾ ಹೇಳಿದಂಗ ಮಾಡಿದ್ರ, ಸುಳ್ಳು ಅಂತ ಎಲ್ಲಾರಿಗೂ ನೋಡಿದ ಕೂಡ್ಲೇ ಗೊತ್ತಾಗತಿತ್ತು. ನಿಂದು ಖರೆ ಕಂಡಂಗ ಆತು. ಅದಕ್ಕ ಇಷ್ಟಾತು."

ಅವರೊಡನೆ ನಾನು ವರ್ಷಗಟ್ಟಲೆ ಮಾಡಿದ ಚರ್ಚೆಗಳಲ್ಲಿ ನನಗೆ ಎದುರುತ್ತರ ಸಿಗದ ಮಾತು ಇದೊಂದೇ. ಇಂದಿಗೂ ಹುಡುಕುತ್ತಿದ್ದೇನೆ. ಅವರು ಶಿಕ್ಕೆ ತೆಗೆದು ಕಾಗದದ ಮೇಲೆ ಒತ್ತಿದರು. ಬೆರಳಿನ ವಿಭೂತಿ ಶಾಯಿಗೆ ತಾಗಿ ಸ್ಟುಡಿಯೋದ ಹೆಸರು ಅರ್ಧ ಮಸುಕಾಯಿತು. ಕೆಲಸ ಹೋಯಿತು. ನನ್ನನ್ನು ಮಾತ್ರ ಅವರು ಕಳಿಸಲಿಲ್ಲ. ಮೂರು ತಿಂಗಳು ಮದುವೆಯ ಮುಖ ಬೆಳ್ಳಗೆ ಮಾಡುವ ಶಿಕ್ಷೆ ಕೊಟ್ಟರು.

ಮಾಳಪ್ಪನವರಿಗೆ ಹಸಿರು ಎಲೆಯ ದೊಡ್ಡ ಫೋಟೋ ಬೇಕಾಗಲಿಲ್ಲ. ವಿಭೂತಿ ಇಟ್ಟ ಹಳದಿ ನರದ ಫೋಟೋವನ್ನೇ ದೊಡ್ಡದು ಮಾಡಿಸಿ, ಸೋಮವಾರದ ಟ್ರ್ಯಾಕ್ಟರ್ ಹೊರಡುವ ಮೊದಲೇ ತಾವೇ ಗಲಗಲಿಯ ಬಸ್ಸು ಹತ್ತಿದರು. ಬೀಗರ ಅಂಗಳದಲ್ಲಿ ಗಾಡಿಯ ಬದಲು ಆ ಫೋಟೋ ಹಿಡಿದು ನಿಂತು ಏನು ಹೇಳಿದರೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಮುಂದೆ ಕಬ್ಬಿನ ಆಫೀಸಿಗೆ ಬೇರೆ ಸಾಹೇಬರು ಬಂದರು, ನಮ್ಮ ಸ್ಟುಡಿಯೋಕ್ಕೆ ಕೆಲಸವೂ ತಿರುಗಿ ಬಂತು. ಹಳೆಯ ಫೈಲಿನಲ್ಲಿ ನನ್ನ ಕಾಗದ ಓದಿ ಹೊಸ ಸಾಹೇಬರು ಒಂದು ನಿಯಮ ಮಾಡಿದರು: ಪ್ರತಿ ಎಲೆಯ ಪಕ್ಕ ಒಂದು ವಿಭೂತಿಗಟ್ಟಿ ಇರತಕ್ಕದ್ದು. ನಿಯಮ ಉಳಿಯಿತು, ಕಾರಣ ಯಾರಿಗೂ ನೆನಪು ಉಳಿಯಲಿಲ್ಲ. ಕೆಲವರು ಎಲೆಗೇ ಮೂರು ಪಟ್ಟಿ ವಿಭೂತಿ ಎಳೆದು ಫೋಟೋ ತೆಗೆದರು. ಕೆಲವರು ಬಟ್ಟೆಯ ಸೋಪು ಇಟ್ಟರು. ಇನ್ನೊಂದು ಸ್ಟುಡಿಯೋದವರು ವಿಭೂತಿ ಮಂಕಾಗಿ ಕಾಣುತ್ತದೆ ಎಂದು ಅದನ್ನೇ ಬೆಳ್ಳಗೆ ತಿದ್ದಿ ಕಳಿಸಿದರು. ಒಬ್ಬ ಫೀಲ್ಡ್‌ಮನ್ ಅಂತೂ ಬರೀ ವಿಭೂತಿಗಟ್ಟಿಯ ನಾಲ್ಕು ಫೋಟೋ ತಂದರು. ಮುಂಭಾಗ, ಹಿಂಭಾಗ, ಎಲ್ಲ ಚೆನ್ನಾಗಿ ಬಂದಿತ್ತು. ಎಲೆ ಎಲ್ಲಿ ಎಂದು ಕೇಳಿದೆ.

"ಎಲಿ ಯಾರೂ ಕೇಳಂಗಿಲ್ರಿ. ಇದನ್ನ ಕೇಳ್ತಾರ್ರಿ" ಎಂದರು.

ಫೋನುಗಳು ಬಂದವು. ರೈತರು ಹೊಲದಲ್ಲೇ ನಿಂತು ಫೋಟೋ ತೆಗೆದು ಕಳಿಸತೊಡಗಿದರು. ಫೋನು ಯಾರನ್ನೂ ಕೇಳದೆ ಎಲೆಯನ್ನು ಗಿಳಿಹಸಿರು ಮಾಡಿ ತೋರಿಸತೊಡಗಿತು. ಗುರುಸಿದ್ದಪ್ಪನವರು ಒಂದು ದಿನ ತಮ್ಮ ಹೊಸ ಫೋನಿನಲ್ಲಿ ಅಂಗಡಿಯ ಮುಂದಿನ ಬೇವಿನ ಗಿಡದ ಫೋಟೋ ತೆಗೆದು ನನಗೆ ತೋರಿಸಿದರು. ಬೇವು ಗಿಳಿಯ ಬಣ್ಣಕ್ಕೆ ಬಂದಿತ್ತು. ಅವರ ಸಿದ್ಧಾಂತ ಜಗತ್ತನ್ನು ಗೆದ್ದಿತ್ತು. ಆ ತಿಂಗಳು ನಾನು ಕುರ್ಚಿ ಬಿಟ್ಟೆ.

ಕೆಲಸ ಬಿಟ್ಟ ಕೆಲವು ದಿನಗಳಿಗೆ ಮಾಳಪ್ಪನವರು ಮನೆ ಹುಡುಕಿಕೊಂಡು ಬನಹಟ್ಟಿಗೆ ಬಂದರು. ನಿಂಗವ್ವನ ಎರಡನೆಯ ಮಗುವಿನ ಜವಳ, ಗಲಗಲಿಯಲ್ಲಿ ಕೂದಲು ತೆಗೆಸುವ ಕಾರ್ಯ, ಬರಲೇಬೇಕು ಎಂದರು. ಹೋದೆ. ಹೊಲದಲ್ಲಿ ಕಬ್ಬಿತ್ತು. ದಾರಿಯಲ್ಲೇ ನಿಂತು ಎರಡು ಎಲೆಗಳ ಬೆನ್ನು ತಿರುವಿ ನೋಡಿದೆ. ಚಟ. ಹಸಿರಾಗಿತ್ತು.

ಪಡಸಾಲೆಯ ಗೋಡೆಗೆ, ದೇವರ ಫೋಟೋಗಳ ಸಾಲಿನಲ್ಲಿ, ಆ ಎಲೆಯ ಬೆನ್ನು ತೂಗುಹಾಕಿತ್ತು. ನನ್ನ ಕಣ್ಣು ಹೋದದ್ದನ್ನು ನಿಂಗವ್ವ ನೋಡಿದಳು. ಅವಳ ಅತ್ತೆ ಅಡುಗೆಮನೆಯಿಂದಲೇ ಬಂದವರಿಗೆಲ್ಲ ಏನೋ ಹೇಳುತ್ತಿದ್ದಳು, ಈಗಲೂ ಬಾಯಿ ಬಿಗಿಯಿರಲಿಲ್ಲ.

"ಅತ್ತೀನ ಅದನ್ನ ಅಲ್ಲಿ ಹಾಕ್ಯಾರ ಅಕ್ಕಾರ" ಎಂದಳು ನಿಂಗವ್ವ ದನಿ ತಗ್ಗಿಸಿ. "ಬೀಜ ಬರಲಿಲ್ಲಂತ ಎಂಟ ದಿನಾ ಬೈದ್ರು. ಆಮ್ಯಾಲೆ ಓಣ್ಯಾಗ ಒಬ್ಬರ ಹೊಲಕ್ಕ ಬ್ಯಾರೆ ಕಡಿಯಿಂದ ತಂದ ಬೀಜದಾಗ ಇದ ರೋಗ ಬಂತು ನೋಡ್ರಿ. ಅವತ್ತಿಂದ, ನಮ್ಮ ಬೀಗ ಬಾಗಲಕ್ಕ ಬಂದು ಖರೆ ಹೇಳಿ ಹ್ವಾದಾ ಅಂತ ಊರಿಗೆಲ್ಲ ಹೇಳ್ಕೋತ ಅಡ್ಡಾಡ್ತಾರ. ನನಗ ಕುರಿ ಅನ್ನೂದು ಬಿಟ್ಟಾರ."

ಹತ್ತಿರ ಹೋಗಿ ನೋಡಿದೆ. ಪ್ರತಿ ಭಾನುವಾರ ಪೂಜೆ ಆಗುತ್ತದೆಂದು ಗೊತ್ತಾಗುತ್ತಿತ್ತು. ಫ್ರೇಮಿನ ಗಾಜಿನ ಮೇಲೆ, ಎಲೆಯ ನರದ ನೆತ್ತಿಗೆ ಸರಿಯಾಗಿ, ವರ್ಷಗಳ ಭಂಡಾರ ದಪ್ಪಗೆ ಹತ್ತಿತ್ತು. ಯಾವ ಹಳದಿ ರೋಗದ್ದು, ಯಾವ ಹಳದಿ ಬೀರಪ್ಪನದ್ದು ಎಂದು ಈಗ ಯಾರಿಗೂ ತಿಳಿಯುವಂತಿರಲಿಲ್ಲ. ಒರೆಸಲು ಸೆರಗಿನ ತುದಿ ಕೈಗೆ ಬಂದಿತ್ತು. ಬೆನ್ನ ಹಿಂದೆ ಮಾಳಪ್ಪನವರು ನಿಂತು ನೋಡುತ್ತಿದ್ದರು.

ಸೆರಗು ಬಿಟ್ಟು ಊಟಕ್ಕೆ ಕುಳಿತೆ.